ಡ್ರೈವರ್ ಇಲ್ಲದ ಲಾರಿ, ಪಾಲು ಇಲ್ಲದ ಜನ

ಲಾರಿಗೆ ಇನ್ನು ಡ್ರೈವರ್ ಬೇಡವಂತೆ.

ಸುದ್ದಿ ಸುಳ್ಳಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಡಲ್ಲಾಸ್ ಮತ್ತು ಹ್ಯೂಸ್ಟನ್ ಊರುಗಳ ನಡುವೆ ಸುಮಾರು 380 ಕಿಲೋಮೀಟರ್ ಹೆದ್ದಾರಿ ಇದೆ. 2025ರ ಏಪ್ರಿಲ್ ಕೊನೆಗೆ ಅರೋರಾ ಎಂಬ ಕಂಪನಿ ಅಲ್ಲಿ ಸ್ಟೇರಿಂಗ್ ಹಿಂದೆ ಯಾರೂ ಕೂತಿರದ ಲಾರಿಯಲ್ಲಿ ಬಾಡಿಗೆ ಮಾಲು ಸಾಗಿಸಿತು. ಆಸ್ಟ್ರೇಲಿಯಾದ ಪಿಲ್ಬರಾ ಸೀಮೆಯ ಕಬ್ಬಿಣದ ಅದಿರು ಗಣಿಗಳಲ್ಲಿ ಇಂಥ ದೈತ್ಯ ಲಾರಿಗಳು 2008ರಿಂದಲೇ ಓಡಾಡುತ್ತಿವೆ. ಕ್ಯಾಮೆರಾ ಇದರ ಕಣ್ಣು, ರೇಡಾರ್ ಇದರ ಕಿವಿ, ಕಂಪ್ಯೂಟರ್ ಇದರ ಮಿದುಳು. ಇದಕ್ಕೆ ನಿದ್ದೆ ಇಲ್ಲ, ಹಸಿವಿಲ್ಲ. ಬತ್ತಾ ಕೇಳುವುದಿಲ್ಲ. ಹೆಂಡತಿಗೆ ಹೆರಿಗೆ, ನಾಲ್ಕು ದಿನ ರಜಾ ಕೊಡಿ ಧಣಿ, ಎಂದು ತಲೆ ಕೆರೆಯುತ್ತ ನಿಲ್ಲುವುದಿಲ್ಲ. ಮಾಲೀಕನಿಗೆ ಇದಕ್ಕಿಂತ ಒಳ್ಳೆಯ ಆಳು ಎಲ್ಲಿ ಸಿಕ್ಕೀತು?

"ನಮ್ಮ ಕಡೆ ಅದೆಲ್ಲ ಎಲ್ಲಿ ಬರೂದು ಮಾರಾಯಾ" ಎನ್ನುವವರು ಇದ್ದಾರೆ. ಅವರ ಮಾತಲ್ಲಿ ಅರ್ಥವಿದೆ. ಕುಮಟಾದಿಂದ ಹೊನ್ನಾವರ ದಾಟಿ ಭಟ್ಕಳಕ್ಕೆ ಸುಮಾರು 60 ಕಿಲೋಮೀಟರ್. ಈ 66ನೇ ನಂಬರ್ ಹೆದ್ದಾರಿಯಲ್ಲಿ ದನ ಮಲಗುತ್ತದೆ, ಮೀನು ಬುಟ್ಟಿ ಹೊತ್ತ ಹೆಂಗಸು ಅಡ್ಡ ದಾಟುತ್ತಾಳೆ, ತಪ್ಪು ದಿಕ್ಕಿನಿಂದ ಬೈಕು ಬರುತ್ತದೆ, ಮಳೆಗಾಲದಲ್ಲಿ ಗುಡ್ಡವೇ ರಸ್ತೆಗೆ ಇಳಿಯುತ್ತದೆ. ಯಂತ್ರಕ್ಕೆ ಇದೆಲ್ಲ ತಿಳಿಯಲು ಕಾಲ ಬೇಕು. ಕೇಂದ್ರದ ಹೆದ್ದಾರಿ ಸಚಿವ ನಿತಿನ್ ಗಡ್ಕರಿಯವರು 2017ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ, ಡ್ರೈವರುಗಳ ಕೆಲಸ ಹೋಗುತ್ತದೆಂಬ ಕಾರಣ ಕೊಟ್ಟು, ಡ್ರೈವರ್ ಇಲ್ಲದ ಕಾರುಗಳನ್ನು ಈ ದೇಶಕ್ಕೆ ಬಿಡುವುದಿಲ್ಲ ಎಂದರು. ಒಳ್ಳೆಯ ಮಾತೇ. ಆದರೆ ಮಂತ್ರಿಯ ಮಾತು ಕಾನೂನಲ್ಲ. ಕೊಟ್ಟವನು ಬೇಕೆಂದಾಗ ಹಿಂದಕ್ಕೆ ಪಡೆಯಬಹುದಾದದ್ದಕ್ಕೆ ಹಕ್ಕು ಎಂದು ಹೆಸರಿಡಲು ಬರುವುದಿಲ್ಲ.

ಅದೂ ಅಲ್ಲದೆ, ಡ್ರೈವರ್ ಓಡಿಸದ ಲಾರಿಯನ್ನು ನಮ್ಮ ಜನ ಕಂಡೇ ಇಲ್ಲವೇ? 1998ರಲ್ಲಿ ಕೊಂಕಣ ರೈಲು ಪೂರ್ತಿ ದಾರಿಯಲ್ಲಿ ಓಡತೊಡಗಿತು. 1999ರಲ್ಲಿ ಮಾಲು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಸಾಗಿಸುವ ರೋ-ರೋ ಶುರುವಾಯಿತು. ಮುಂದೆ ಅದು ಸುರತ್ಕಲ್‌ವರೆಗೂ ಬಂತು. ಕುಮಟಾ, ಹೊನ್ನಾವರ, ಭಟ್ಕಳ ಸ್ಟೇಷನ್ನುಗಳ ಮುಂದೆ ಸಾಲು ಸಾಲು ಲಾರಿಗಳು ಚಕ್ರ ತಿರುಗಿಸದೆ ಹಾದು ಹೋಗುತ್ತವೆ. ಡ್ರೈವರ್ ಕ್ಯಾಬಿನ್ನಿನಲ್ಲಿ ಕೂತೋ ಮಲಗಿಯೋ ಇರುತ್ತಾನೆ. ಡೀಸೆಲ್ ಉಳಿಯಿತು, ಟಯರ್ ಉಳಿಯಿತು, ರಸ್ತೆಯ ಅಪಾಯ ತಪ್ಪಿತು. ಎಲ್ಲ ಒಳ್ಳೆಯದೇ. ಆದರೆ ಆ ಲಾರಿ ಕುಮಟಾದಲ್ಲಿ ಚಾಕ್ಕೆ ನಿಲ್ಲುವುದಿಲ್ಲ, ಹೊನ್ನಾವರದಲ್ಲಿ ಪಂಕ್ಚರ್ ಹಾಕಿಸುವುದಿಲ್ಲ, ಭಟ್ಕಳದಲ್ಲಿ ಊಟಕ್ಕೆ ಇಳಿಯುವುದಿಲ್ಲ. ಅಲ್ಲಿ ಡ್ರೈವರನ್ನು ಇನ್ನೂ ಇಟ್ಟುಕೊಂಡಿರುವುದು ರೈಲು ಇಳಿದ ಮೇಲೆ ಉಳಿದ ದಾರಿ ಓಡಿಸಲಿಕ್ಕೆ. ಆ ಉಳಿದ ದಾರಿಗೂ ಯಂತ್ರ ಸಿಕ್ಕಿದರೆ?

ಊರು ಬಿಟ್ಟು ಹೋಗುತ್ತೇವೆ ಎಂದರೆ ಅಲ್ಲಿಯೂ ಅದೇ ಕತೆ. ಈ ಕರಾವಳಿಯಿಂದ ಗಲ್ಫಿಗೆ ಹೋಗಿ ಸ್ಟೇರಿಂಗ್ ಹಿಡಿದು ಮನೆ ಕಟ್ಟಿದವರು, ತಂಗಿಯ ಮದುವೆ ಮಾಡಿದವರು ಇದ್ದಾರೆ. ದುಬೈಯ ಆಡಳಿತ 2016ರಲ್ಲೇ ಘೋಷಿಸಿದೆ: 2030ರ ಹೊತ್ತಿಗೆ ಅಲ್ಲಿಯ ಪ್ರಯಾಣಗಳಲ್ಲಿ ನಾಲ್ಕರಲ್ಲಿ ಒಂದು ಪಾಲು ತಾನೇ ಓಡುವ ವಾಹನಗಳಲ್ಲಿ ಆಗಬೇಕು.

ಹಾಗಾಗಿ ಗೆಳೆಯರೇ, ಬರುತ್ತದೋ ಇಲ್ಲವೋ ಎಂಬ ಜಗಳ ಬೇಡ. ಬಂದಾಗ ಏನು ಹೋಗುತ್ತದೆ, ಯಾರದು ಹೋಗುತ್ತದೆ ಎಂದು ಈಗಲೇ ಕೇಳಬೇಕು.

ಸಂಬಳ ಹೋಗುತ್ತದೆ ಎಂದರೆ ಅದು ಅರ್ಧ ಉತ್ತರ. ಡ್ರೈವರ್ ಕೆಲಸಕ್ಕೆ ಒಂದು ವಿಶೇಷವಿದೆ. ಯಾವ ಶಾಸ್ತ್ರದಲ್ಲೂ, ಯಾವ ಸ್ಥಳಪುರಾಣದಲ್ಲೂ ಇಂಥ ಜಾತಿಯವನು ಲಾರಿ ಓಡಿಸತಕ್ಕದ್ದು ಎಂದು ಬರೆದಿಲ್ಲ. ಚಪ್ಪಲಿ ಹೊಲಿಯುವ ಕೆಲಸ, ಸತ್ತ ದನ ಎಳೆಯುವ ಕೆಲಸ, ಧಣಿಯ ತೋಟದಲ್ಲಿ ಸೊಪ್ಪು ಹೊರುವ ಕೆಲಸ, ಎಲ್ಲಕ್ಕೂ ಹುಟ್ಟುವ ಮೊದಲೇ ಹೆಸರು ಬರೆದಿಟ್ಟಿರುತ್ತಾರೆ. ಸ್ಟೇರಿಂಗಿಗೆ ಬರೆದಿಡಲಿಲ್ಲ, ಯಾಕೆಂದರೆ ಅದು ನಿನ್ನೆ ಬಂದ ವಸ್ತು. ಲೈಸೆನ್ಸಿನಲ್ಲಿ ಜಾತಿಯ ಕಾಲಂ ಇಲ್ಲ. ಭೂಮಿ ಇಲ್ಲದವನ ಮಗ, ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು, ಕ್ಲೀನರ್ ಆಗಿ ಹತ್ತಿ, ಎರಡು ವರ್ಷ ಟಯರ್ ಬಡಿದು, ಬೈಗುಳ ತಿಂದು, ಕೊನೆಗೊಂದು ದಿನ ಆ ಸೀಟಿನಲ್ಲಿ ಕೂತ. ಅವನ ಮನೆತನದಲ್ಲಿ ಮೇಲೆ ಕೂತವನು ಅವನೇ ಮೊದಲು. ಅಲ್ಲಿಂದ 'ಏಳೋ' ಎನ್ನಲು ಊರಗೌಡನಿಗೂ ಬರಲಿಲ್ಲ, ಒಡೆಯನಿಗೂ ಬರಲಿಲ್ಲ. ಸಾವಿರ ಮೈಲಿ ಆಚೆಯ ಢಾಬಾದಲ್ಲಿ ಅವನ ಕೇರಿ ಯಾವುದೆಂದು ಕೇಳುವವರಿರಲಿಲ್ಲ.

ಈಗ 'ಏಳು' ಎನ್ನುತ್ತಿರುವುದು ಯಂತ್ರ. ಎದ್ದವನು ಎಲ್ಲಿಗೆ ಹೋಗಬೇಕು? ಅಪ್ಪ ಬಿಟ್ಟು ಬಂದ ಅಂಗಳಕ್ಕೇ?

ಹಾಗೆಂದು ಈ ಸೀಟನ್ನು ಸಿಂಹಾಸನ ಮಾಡುವುದು ಬೇಡ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಎಂದು ಮೋಟಾರು ಸಾರಿಗೆ ಕಾರ್ಮಿಕರ ಕಾನೂನು 1961ರಲ್ಲೇ ಹೇಳಿತು. ಅದು ಪುಸ್ತಕದಲ್ಲಿ ಉಳಿಯಿತು, ಲಾರಿ ರಾತ್ರಿಯಿಡೀ ಓಡಿತು. ಇಂಜಿನ್ನಿನ ಬಿಸಿಯಲ್ಲಿ ಮೂರು ತಲೆಮಾರು ಬೆಂದ ಮೇಲೆ, 2025ರ ಅಕ್ಟೋಬರ್ 1ರ ನಂತರ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಎಂದು ಸರ್ಕಾರಕ್ಕೆ ಹೊಳೆಯಿತು. ಮನುಷ್ಯನಿಗೆ ತಂಪು ಗಾಳಿ ಕೊಡಲು ಇಷ್ಟು ವರ್ಷ ಹಿಡಿಯಿತು. ಮನುಷ್ಯನೇ ಇಲ್ಲದ ಕ್ಯಾಬಿನ್ನು ಮಾಡಲು ಕಂಪನಿಗಳಿಗೆ ಅಷ್ಟು ವರ್ಷ ಬೇಕಾಗಿಲ್ಲ.

ಇನ್ನೊಂದು ಕಡೆಯ ವಾದವನ್ನೂ ಪೂರ್ತಿ ಕೇಳಬೇಕು. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಅಲ್ಲಿದ್ದ ಡ್ರೈವರುಗಳು ಮಣ್ಣಿಗೂ ಗಂಗಾವಳಿ ಹೊಳೆಗೂ ಪಾಲಾದರು. ಕೇರಳದ ಒಬ್ಬ ಡ್ರೈವರನ ಲಾರಿ, ಒಳಗೆ ಅವನ ಶವ, ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, 71 ದಿನದ ಮೇಲೆ. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ಹೊಳೆಯ ಹಳೇ ಸೇತುವೆ ಮುರಿದು ತಮಿಳುನಾಡಿನ ಲಾರಿಯೊಂದು ನೀರಿಗೆ ಬಿತ್ತು. ಡ್ರೈವರ್ ಪುಣ್ಯಕ್ಕೆ ಬದುಕಿದ. 2025ರ ಜನವರಿ 22ರಂದು ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಯಲ್ಲಾಪುರ ತಾಲೂಕಿನ ಅರಬೈಲ್ ಘಟ್ಟದ ಹತ್ತಿರ ಕಂದರಕ್ಕೆ ಉರುಳಿ, ಮಾಲಿನ ಮೇಲೆ ಕೂತಿದ್ದ 10 ಜನ ವ್ಯಾಪಾರಿಗಳು ಸತ್ತರು. ಯಂತ್ರ ತೂಕಡಿಸುವುದಿಲ್ಲ, ಕುಡಿಯುವುದಿಲ್ಲ, ಮಾಲಿನ ಮೇಲೆ ಮನುಷ್ಯರನ್ನು ಹತ್ತಿಸಿಕೊಳ್ಳುವುದಿಲ್ಲ. ಸಾಯಲು ಒಳಗೆ ಮನುಷ್ಯನೇ ಇರುವುದಿಲ್ಲ. ಹಾಗಾದರೆ ಯಂತ್ರ ಬರುವುದು ಒಳ್ಳೆಯದಲ್ಲವೇ?

ಜೀವ ಉಳಿಸುವ ಯಂತ್ರಕ್ಕೆ ನಾವು ಕಲ್ಲು ಹೊಡೆಯುವವರಲ್ಲ. ಬಾಬಾಸಾಹೇಬರು 1945ರ ತಮ್ಮ ಪುಸ್ತಕದಲ್ಲಿ ಗಾಂಧೀಜಿಯ ಯಂತ್ರವಿರೋಧವನ್ನು ಬಿಡಿಸಿ ನೋಡಿದರು. ಪ್ರಾಣಿಯ ಹಾಗೆ ದುಡಿಯುವ ಮನುಷ್ಯನಿಗೆ ಬಿಡುವು ಕೊಡುವುದು ಯಂತ್ರ, ಬಿಡುವಿಲ್ಲದೆ ಸಂಸ್ಕೃತಿ ಇಲ್ಲ, ಕೆಡುಕು ಇರುವುದು ಯಂತ್ರದಲ್ಲಲ್ಲ, ಖಾಸಗಿ ಆಸ್ತಿ ಮತ್ತು ಸ್ವಂತ ಲಾಭವನ್ನು ಪವಿತ್ರ ಮಾಡಿದ ಸಮಾಜದ ಏರ್ಪಾಟಿನಲ್ಲಿ ಎಂಬುದು ಅವರ ವಾದದ ತಿರುಳು. ಚರಕಕ್ಕೆ, ಎತ್ತಿನ ಗಾಡಿಗೆ ಹಿಂದಿರುಗಿ ಎಂದರೆ ಯಾರು ಎತ್ತಿನ ಹಿಂದೆ ನಡೆಯಬೇಕು, ಯಾರು ಗಾಡಿಯಲ್ಲಿ ಕೂರಬೇಕು ಎಂಬುದು ನಮಗೆ ಗೊತ್ತು.

ಆದ್ದರಿಂದ ನಮ್ಮ ಪ್ರಶ್ನೆ ಬೇರೆ. ಯಂತ್ರ ಎಲ್ಲಿಗೆ ಬರುತ್ತದೆ, ಎಲ್ಲಿಗೆ ಬರುವುದಿಲ್ಲ?

ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸಬಾರದೆಂಬ ದಿಕ್ಕಿನಲ್ಲಿ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂತು. ಒಳಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಏರಿಸಬೇಕಾಗಿ ಬಂತು, ಯಾಕೆಂದರೆ ಸಾವು ನಿಂತಿರಲಿಲ್ಲ. ಈ ಕೆಲಸಕ್ಕೆ ಯಂತ್ರ ಇಲ್ಲವೇ? ಇದೆ. ಪಕ್ಕದ ಕೇರಳದ ಹುಡುಗರು 2018ರಲ್ಲೇ ಮ್ಯಾನ್‌ಹೋಲ್ ತೊಳೆಯುವ ಬ್ಯಾಂಡಿಕೂಟ್ ಎಂಬ ರೋಬೋಟನ್ನು ಮಾಡಿ ತೋರಿಸಿದರು. ನಿಂತ ಗುಂಡಿಯ ಕೆಸರು ಎತ್ತುವ ಯಂತ್ರವನ್ನು ಊರೂರಿಗೆ ಮುಟ್ಟಿಸಲು ಇಷ್ಟು ತಡ, ಓಡುವ ಹೆದ್ದಾರಿಯಲ್ಲಿ ಲಾರಿ ನಡೆಸುವ ಯಂತ್ರಕ್ಕೆ ಕೋಟಿಗಟ್ಟಲೆ ಡಾಲರು. ಇದು ವಿಜ್ಞಾನದ ಕಷ್ಟಸುಲಭದ ಲೆಕ್ಕವಲ್ಲ. ಲಾರಿಯಲ್ಲಿ ಸಂಬಳ ಉಳಿಯುತ್ತದೆ. ಗುಂಡಿಯಲ್ಲಿ ಜಾತಿಯೇ ಅಗ್ಗಕ್ಕೆ ಆಳು ಒದಗಿಸುತ್ತದೆ. ಹೀಗೆ ಜಾತಿ ಬರೆದಿಡದ ಕೆಲಸಕ್ಕೆ ಯಂತ್ರ ಮೊದಲು ಬರುತ್ತದೆ, ಜಾತಿ ಬರೆದಿಟ್ಟ ಕೆಲಸ ಮನುಷ್ಯನಿಗೇ ಉಳಿಯುತ್ತದೆ. ಈ ಕಾಲದ ಅನ್ಯಾಯವನ್ನು ಒಂದೇ ಮಾತಲ್ಲಿ ಹೇಳು ಎಂದರೆ ಇದನ್ನೇ ಹೇಳಬೇಕು.

ಎರಡನೆಯ ಪ್ರಶ್ನೆ ತಪ್ಪಿನದು. ಹೊಸ ನ್ಯಾಯ ಸಂಹಿತೆಯ 106ನೇ ಕಲಮಿನ ಎರಡನೇ ಭಾಗ, ಅಪಘಾತ ಮಾಡಿ ತಿಳಿಸದೆ ಓಡಿಹೋದ ಡ್ರೈವರನಿಗೆ 10 ವರ್ಷದವರೆಗೆ ಜೈಲು ಎಂದಿತು. 2024ರ ಜನವರಿ ಮೊದಲ ದಿನಗಳಲ್ಲಿ ದೇಶದ ಹಲವು ಕಡೆ ಡ್ರೈವರುಗಳು ಸ್ಟೇರಿಂಗ್ ಬಿಟ್ಟು ಇಳಿದರು, ಪೆಟ್ರೋಲ್ ಬಂಕುಗಳ ಮುಂದೆ ಕ್ಯೂ ಬೆಳೆಯಿತು. ಅದೇ ವರ್ಷ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಭಾಗವನ್ನು ಜಾರಿಗೆ ತರಲಿಲ್ಲ. ನಿಂತರೆ ಜನ ಬಡಿದು ಸಾಯಿಸುತ್ತಾರೆ, ಓಡಿದರೆ ಹತ್ತು ವರ್ಷ, ಎಂಬುದು ಡ್ರೈವರುಗಳ ಅಳಲು. ಸತ್ತವನ ಮನೆಯವರ ಅಳಲೂ ಸುಳ್ಳಲ್ಲ. ಆದರೆ ಯಂತ್ರ ಕೊಂದಾಗ ಜೈಲಿಗೆ ಯಾರು?

ಇದಕ್ಕೆ ಉತ್ತರ ಆಗಲೇ ಸಿಕ್ಕಿದೆ. ಅಮೆರಿಕದ ಅರಿಜೋನಾದ ಟೆಂಪಿ ಊರಲ್ಲಿ 2018ರ ಮಾರ್ಚ್ 18ರ ರಾತ್ರಿ ಉಬರ್ ಕಂಪನಿ ಪರೀಕ್ಷೆಗೆ ಬಿಟ್ಟಿದ್ದ, ತಾನೇ ಓಡುವ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಒಬ್ಬ ಹೆಂಗಸನ್ನು ಕೊಂದಿತು. ಕಾರಿಗೆ ಅವಳು ಕಂಡಿರಲಿಲ್ಲವೇ? ಬಡಿಯುವ ಐದು ಸೆಕೆಂಡಿಗೂ ಮೊದಲೇ ಕಂಡಿದ್ದಳು. ದಾಟಲೆಂದು ಗೆರೆ ಹಾಕಿರದ ಜಾಗದಲ್ಲಿ ಮನುಷ್ಯರು ದಾಟಿಯಾರು ಎಂಬುದನ್ನು ಆ ಯಂತ್ರಕ್ಕೆ ಕಲಿಸಿಯೇ ಇರಲಿಲ್ಲ ಎಂದು ಅಲ್ಲಿಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಹೇಳಿತು. ಕಂಡರೂ ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯದ ಕಣ್ಣು ನಮಗೆ ಹೊಸದಲ್ಲ. ಆ ಕಣ್ಣಿನೆದುರು ಈ ನಾಡಿನ ಅರ್ಧ ಜನ ಸಾವಿರ ವರ್ಷ ನಡೆದಾಡಿದ್ದಾರೆ. ನಮ್ಮ ಹೆದ್ದಾರಿಯಲ್ಲಿ ಗೆರೆ ಇರುವ ಜಾಗದಲ್ಲಿ ದಾಟುವವರು ಎಷ್ಟು ಜನ? ಗೆರೆಯೇ ಎಷ್ಟು ಕಡೆ ಇದೆ?

ಕಂಪನಿಯ ಮೇಲೆ ಕ್ರಿಮಿನಲ್ ಕೇಸು ಬರಲಿಲ್ಲ. ಯಂತ್ರವನ್ನು ನೋಡಿಕೊಳ್ಳಲು ಸೀಟಿನಲ್ಲಿ ಕೂರಿಸಿದ್ದ ಸಂಬಳದ ಹೆಂಗಸಿನ ಮೇಲೆ ಬಂತು. ಅವಳು ಫೋನು ನೋಡುತ್ತಿದ್ದಳೆಂಬುದು ತನಿಖೆಯಲ್ಲಿ ಹೊರಬಂದದ್ದು ನಿಜ. 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷದ ಪ್ರೊಬೇಷನ್ ಪಡೆದಳು. ತಪ್ಪು ಅವಳದೂ ಇತ್ತು. ಕಂಪನಿಯದು ಏನೂ ಇರಲಿಲ್ಲವೇ? ಟೆಕ್ಸಾಸಿನ ಕತೆಗೂ ಒಂದು ಬಾಲವಿದೆ. 2025ರ ಮೇ ತಿಂಗಳಲ್ಲೇ, ಲಾರಿ ತಯಾರಿಸಿದ ಕಂಪನಿ ಕೇಳಿತೆಂದು, ಖಾಲಿ ಬಿಟ್ಟಿದ್ದ ಆ ಸೀಟಿನಲ್ಲಿ ಮತ್ತೆ ಒಬ್ಬ ಮನುಷ್ಯನನ್ನು ಕೂರಿಸಿದರು. ಅವನು ಓಡಿಸುವುದಿಲ್ಲ, ಸುಮ್ಮನೆ ನೋಡುತ್ತಾನೆ. ನಾಳೆ ನಮ್ಮಲ್ಲಿಯೂ ಹೀಗೇ ಆದೀತು. ಓಡಿಸುವ ಸಂಬಳ ಯಂತ್ರ ಉಳಿಸಿಕೊಡುತ್ತದೆ, ತಪ್ಪು ಹೊರಲು ಮಾತ್ರ ಅರ್ಧ ಕೂಲಿಗೆ ಒಬ್ಬ ಬಡವ ಬೇಕಾಗುತ್ತಾನೆ. ಎಡೆ ದೇವರಿಗೆ, ಮೈಲಿಗೆ ನಮಗೆ.

ಮೂರನೆಯದು ಪಾಲಿನ ಪ್ರಶ್ನೆ. ಕರಾವಳಿಯವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ರಂಪಣಿ ನೆನಪಿದೆಯೇ? ಹಲವು ಮನೆಗಳು ಸೇರಿ ಬಿಡುವ ದೊಡ್ಡ ಬಲೆ, ದಡದಲ್ಲಿ ಹತ್ತಾರು ಜನ ನಿಂತು ಹಗ್ಗ ಎಳೆಯಬೇಕು. ಬಂಗಡೆ, ತಾರ್ಲೆ ರಾಶಿ ಬಿದ್ದಾಗ ದುಡಿದವರಿಗೆ ಸಿಗುತ್ತಿದ್ದುದು ಪಾಲು. ರಂಪಣಿ ಸ್ವರ್ಗವಾಗಿರಲಿಲ್ಲ, ಅಲ್ಲೂ ಸಾಲ ಕೊಟ್ಟ ಧಣಿ ಇದ್ದ. ಆದರೂ ಹಗ್ಗ ಹಿಡಿದ ಕೈಗೆ ಪಾಲು ಎಂಬ ಮಾತು ಇತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮೊದಲೇ ಮೀನನ್ನು ಕಡಲಲ್ಲೇ ಸುತ್ತಿ ಹಿಡಿದವು. ಬೋಟಿಗೆ ಸಾಲ ಕೊಡಿಸಿಕೊಳ್ಳಬಲ್ಲವನು ಮಾಲೀಕನಾದ, ದಡದಲ್ಲಿ ನಿಂತವನ ಕೈಯಲ್ಲಿ ಹಗ್ಗವೂ ಉಳಿಯಲಿಲ್ಲ. ಮೀನು ಹಿಡಿಯುವ ಯಂತ್ರ ಬಂದದ್ದು ತಪ್ಪೆಂದು ಯಾರೂ ಹೇಳಲಾರರು. ಪಾಲಿನ ಮಾತನ್ನು ಯಂತ್ರದ ಜೊತೆ ಮೊದಲೇ ಆಡಿಕೊಳ್ಳದೆ ಹೋದದ್ದು ತಪ್ಪು.

ಪಾಲು ಕೇಳುವಾಗಲೂ ಒಂದು ಎಚ್ಚರ ಬೇಕು. 1974ರ ಮಾರ್ಚ್ 1ರಿಂದ ಉಳುವವನೇ ಒಡೆಯನಾದ. ಉತ್ತರ ಕನ್ನಡದಲ್ಲಿ ಎಷ್ಟೋ ಗೇಣಿದಾರರು ಡಿಕ್ಲರೇಷನ್ ಹಾಕಿ ಭೂಮಿ ಪಡೆದರು. ದೊಡ್ಡ ಕೆಲಸ, ತಲೆ ಬಾಗಬೇಕಾದ ಕೆಲಸ. ಆದರೆ ಗೇಣಿದಾರನೂ ಆಗಿರದೆ, ಅವನ ಗದ್ದೆಯಲ್ಲಿ ಬರೀ ಕೂಲಿಯಾಗಿ ಬಗ್ಗಿದವನಿಗೆ, ಆ ಗದ್ದೆ ಕೇಳಿ ತುಂಬಲು ಫಾರಂ ಇರಲಿಲ್ಲ. ಹಕ್ಕು ಕಾಗದ ಹಿಡಿದು ಬಂತು, ಕಾಗದದಲ್ಲಿ ಹೆಸರಿದ್ದವರ ಮನೆಗೆ ಹೋಯಿತು. ಲಾರಿಯಲ್ಲೂ ಹೀಗೇ ಇದೆ. ಮಾಲೀಕನ ಹೆಸರು ಆರ್.ಸಿ. ಪುಸ್ತಕದಲ್ಲಿದೆ, ಡ್ರೈವರನ ಹೆಸರು ಲೈಸೆನ್ಸಿನಲ್ಲಿದೆ. ಕ್ಲೀನರ್ ಹುಡುಗನ ಹೆಸರು ಎಲ್ಲಿದೆ? ಹಮಾಲಿಯದು? ಹೆದ್ದಾರಿ ಬದಿಯಲ್ಲಿ ಚಾ ಕಾಸುವವಳದು? ಡ್ರೈವರನಿಗೆ ನಾಳೆ ಪರಿಹಾರ ಸಿಕ್ಕರೂ ಇವರು ಆ ಪಟ್ಟಿಯಲ್ಲಿ ಇರುವುದಿಲ್ಲ. ಅರಬೈಲಿನಲ್ಲಿ ಸತ್ತವರನ್ನು ನೆನೆಯಿರಿ. ಯಂತ್ರದ ಲಾರಿ ಅವರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ, ಅವರು ಸಾಯುತ್ತಿರಲಿಲ್ಲ. ಸರಿ. ಆದರೆ ತರಕಾರಿ ಮೂಟೆ ಇಟ್ಟುಕೊಂಡು ಅವರು ಕುಮಟಾ ಸಂತೆಗೆ ಹೇಗೆ ಬರಬೇಕಿತ್ತು? ಮೂಟೆಯ ಸಂಗಡ ಬಡ ವ್ಯಾಪಾರಿಯನ್ನು ಕೂರಿಸಿಕೊಂಡು ಹೋಗುವ ಒಂದು ಸರ್ಕಾರಿ ಗಾಡಿ ಇಲ್ಲದೆ ಹೋದದ್ದಕ್ಕೇ ಅವರು ಮಾಲಿನ ಮೇಲೆ ಕೂತದ್ದು. ಆ ಗಾಡಿ ಕೊಡದೆ ಯಂತ್ರದಿಂದ ನಿಯಮ ಮಾತ್ರ ಪಾಲಿಸಿದರೆ ಜೀವ ಉಳಿಯುತ್ತದೆ, ಸಂತೆ ಹೋಗುತ್ತದೆ.

ಹಾಗಾದರೆ ಏನು ಕೇಳಬೇಕು? ಕರ್ನಾಟಕದಲ್ಲಿ 2024ರಲ್ಲಿ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ಒಂದು ಕಾಯ್ದೆ ಆಗಿದೆ. ಡ್ರೈವರ್ ಜೊತೆಗೆ ಕ್ಲೀನರ್, ಗ್ಯಾರೇಜಿನ ಕೆಲಸಗಾರರನ್ನೂ ಅದು ಕಾರ್ಮಿಕರೆಂದು ಕರೆಯುತ್ತದೆ. ಮೊದಲು ಭಟ್ಕಳ, ಹೊನ್ನಾವರ, ಕುಮಟಾದ ಲಾರಿ ಸ್ಟ್ಯಾಂಡುಗಳಲ್ಲಿ, ಮೀನು ಬಂದರುಗಳಲ್ಲಿ ಆ ಪಟ್ಟಿಗೆ ಪ್ರತಿಯೊಬ್ಬನ ಹೆಸರು ಹತ್ತಬೇಕು, ಹಮಾಲಿಗೂ ಅದರಲ್ಲಿ ಜಾಗ ಬೇಕು. ಡ್ರೈವರ್ ಇಲ್ಲದ ಲಾರಿ ಈ ರಾಜ್ಯದ ರಸ್ತೆ ಮೆಟ್ಟುವ ದಿನ, ಅದು ಓಡಿದ ಪ್ರತಿ ಕಿಲೋಮೀಟರಿಗೆ ಉಳಿಸಿದ ಕೂಲಿಯಲ್ಲಿ ಒಂದು ಪಾಲು ಆ ನಿಧಿಗೆ ಬರಬೇಕು, ಟೋಲ್ ಕಟ್ಟುವ ಹಾಗೆ. ಯಂತ್ರ ಕೊಂದರೆ ಕಂಪನಿಯ ಯಜಮಾನ ಕಟಕಟೆಗೆ ಬರಬೇಕು, ಸೀಟಿನಲ್ಲಿ ಕೂರಿಸಿದ ಬಡವನಲ್ಲ. ಮತ್ತು ಸ್ಟೇರಿಂಗಿನ ಯಂತ್ರಕ್ಕೆ ಪರವಾನಗಿ ಕೊಡುವ ಮೊದಲು, ಈ ರಾಜ್ಯದ ಪ್ರತಿ ಊರಿನ ಮ್ಯಾನ್‌ಹೋಲಿಗೆ ಯಂತ್ರ ಇಳಿದಿರಬೇಕು.

ಇದೆಲ್ಲ ಆಗುವ ಮಾತೇ ಎಂದು ನಗುವವರಿರಬಹುದು. ಗೇಣಿದಾರ ಒಡೆಯನಾಗುತ್ತಾನೆ ಎಂದಾಗಲೂ ಇದೇ ಕರಾವಳಿಯ ಜಗಲಿಗಳಲ್ಲಿ ನಕ್ಕವರಿದ್ದರು. ಆಗ ಹೊರಗೆ ಉಳಿದವನು ಕಾಗದದಲ್ಲಿ ಹೆಸರಿಲ್ಲದ ಕೂಲಿ. ಈ ಸಲದ ಪಟ್ಟಿ ಅವನ ಮೊಮ್ಮಗನಿಂದ, ಲಾರಿಯ ಹಿಂದೆ ನಿಂತು 'ಬರ್ಲಿ, ಬರ್ಲಿ' ಎಂದು ಕೂಗುತ್ತ ರಿವರ್ಸ್ ತೆಗೆಸುತ್ತಿರುವ ಆ ಕ್ಲೀನರ್ ಹುಡುಗನಿಂದ ಶುರುವಾಗಲಿ.